ಹರಳಯ್ಯನ ಕತೆಗೆ ಹಿಂದಿನ ತಾರೀಖು ಹಾಕಬ್ಯಾಡ್ರಿ



ಸ್ವಲ್ಪ ಉದ್ದ ಬರೆದೀನಿ. ಪುರುಸೊತ್ತು ಮಾಡಿಕೊಂಡು ಓದ್ರಿ. ಕೊನೆಗೆ ನಿಮ್ಮಿಂದ ಒಂದು ಕೆಲಸಾನೂ ಆಗಬೇಕಾಗ್ಯದ.

ಹೋದ ವಾರ ಆಫೀಸ್ ಬಿಟ್ಟ ಮೇಲೆ ಐವಾನ್-ಎ-ಶಾಹಿ ಹತ್ತಿರ ಚಹಾದಂಗಡಿಯಲ್ಲಿ ಕೂತಿದ್ದೆವು. ಹೊರಗಿನ ಊರಿನವರಿಗೆ ಗೊತ್ತಿರಲಿ ಅಂತ ಹೇಳ್ತೀನಿ, ಐವಾನ್-ಎ-ಶಾಹಿ ಅಂದ್ರೆ ನಿಜಾಮರು ಕಲಬುರಗಿಗೆ ಬಂದಾಗ ಉಳಿದುಕೊಳ್ಳಲು ಕಟ್ಟಿಸಿದ ಬಂಗಲೆ. ಈಗ ಸರ್ಕಾರಿ ಅತಿಥಿಗೃಹ. ಮಂತ್ರಿಗಳು ಬಂದರೆ ಅವರು ಒಳಗೆ, ಮನವಿ ಪತ್ರ ಹಿಡಿದ ನಾವು ಗೇಟಿನ ಹೊರಗೆ. ಇಪ್ಪತ್ತು ವರ್ಷದಿಂದ ಆ ಗೇಟಿಗೂ ನನಗೂ ಪರಿಚಯ. ಆದರೆ ಅವತ್ತು ಮನವಿ ಇರಲಿಲ್ಲ, ಸಿನಿಮಾ ಮಾತು ಇತ್ತು.

ನಮ್ಮ ಅಕ್ಕನ ಮಗ ಕಮಲಾಪುರದವನು. ಬೆಂಗಳೂರಿನಲ್ಲಿ ಆನಿಮೇಷನ್ ಕಲಿತು ಬಂದಾನೆ. ಸಮಗಾರ ಹರಳಯ್ಯನ ಮೇಲೆ ಮೊದಲು ಒಂದು ಕಾಮಿಕ್ ಪುಸ್ತಕ, ಆಮೇಲೆ ಅದರ ಮೇಲೆ ಇಪ್ಪತ್ತು ನಿಮಿಷದ ಸಿನಿಮಾ ಮಾಡಿ ಬರುವ ಏಪ್ರಿಲ್ 14ಕ್ಕೆ ಕೇರಿ ಕೇರಿಯಲ್ಲಿ ತೋರಿಸಬೇಕು ಅನ್ನೋದು ಅವನ ಆಸೆ. ಮೊಬೈಲಿನಲ್ಲಿ ಚಿತ್ರ ತೋರಿಸಿದ. ಹರಳಯ್ಯನ ಕೈಯಲ್ಲಿ ರಂಪಿಗೆ, ಪಕ್ಕದಲ್ಲಿ ಸೆರಗು ಸೊಂಟಕ್ಕೆ ಕಟ್ಟಿ ನಿಂತ ಕಲ್ಯಾಣಮ್ಮ. ಯಾರ ಮುಂದೂ ಬಾಗದ ಎರಡು ಮುಖ. ನನಗಂತೂ ಕಣ್ಣು ತುಂಬಿ ಬಂತು.

ರೊಕ್ಕ ಹಾಕ್ತೀನಿ ಅಂದ ಗುತ್ತಿಗೆದಾರರೊಬ್ಬರು ಅವತ್ತು ಬಂದಿದ್ರು. ಕೆಟ್ಟ ಮನುಷ್ಯ ಅಲ್ಲ. ಚಿತ್ರ ನೋಡಿ ಖುಷಿಪಟ್ಟರು. ಆಮೇಲೆ ಹೇಳಿದರು:

“ಚಿತ್ರ ಛಲೋ ಅದಾವ್ರಿ. ಆದ್ರ ಕತಿ ಭಾಳ ಗೊಂದಲ ಅದ. ಒಬ್ಬೊಬ್ರು ಒಂದೊಂದು ಹೇಳ್ತಾರ. ಆ ಮದುವಿ ಭಾಗ ತೆಗೀರಿ, ಅದು ಮೂಲದಾಗ ಇಲ್ಲಂತ. ಸುಮ್ನ ಗದ್ದಲ ಆಗ್ತದ. ಚಪ್ಪಲಿ ಪವಾಡ ಇಟ್ಟು ಮುಗಿಸ್ರಿ. ಹಿಂದಿನ ಜನ್ಮದಾಗ ಶಿವಗಣದಾಗ ಒಬ್ಬ ಇದ್ದ, ಶಾಪ ಹತ್ತಿ ಹಿಂಗ ಹುಟ್ಟಿದ ಅಂತ ಮೊದಲಿಗೆ ಒಂದು ಸೀನ್ ಹಾಕ್ರಿ. ಎಲ್ಲಾರಿಗೂ ಹಿಡಸ್ತದ.”

ಹುಡುಗ ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಕೇಳಿದ: “ಮಾಮಾ, ಫಾಲ್ಕನ್‌ಗೂ ಹಿಂಗೇ ಮಾಡಿದ್ರಲ್ಲ?”

ಫಾಲ್ಕನ್ ಯಾರು ಅಂತ ನನಗೆ ಗೊತ್ತಿರಲಿಲ್ಲ. ಬಿ.ಎ. ಓದಿದ ಗುಮಾಸ್ತ ನಾನು, ಅಮೆರಿಕದ ಕಾಮಿಕ್ಸ್ ನನಗೆಲ್ಲಿಂದ ಗೊತ್ತಿರಬೇಕು? ಅವನ ಕಡೆ ಕೇಳಿ, ಓದಿ, ಸಿನಿಮಾ ನೋಡಿ ತಿಳಿದುಕೊಂಡೆ. ನಿಮಗೂ ಹೇಳ್ತೀನಿ, ಯಾಕಂದ್ರ ಇದು ನಮ್ಮ ಮನೆ ಕತೇನೇ ಆಗ್ಯದ.

1969ರಲ್ಲಿ ಮಾರ್ವೆಲ್ ಕಂಪನಿಯ ‘ಕ್ಯಾಪ್ಟನ್ ಅಮೆರಿಕ’ ಕಾಮಿಕ್ಸ್‌ನ 117ನೇ ಸಂಚಿಕೆಯಲ್ಲಿ ಸ್ಯಾಮ್ ವಿಲ್ಸನ್ ಅನ್ನೋ ಕರಿಯ ಯುವಕ ಬಂದ. ಬರೆದವರು ಸ್ಟ್ಯಾನ್ ಲೀ, ಚಿತ್ರ ಜೀನ್ ಕೋಲನ್. ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಹುಡುಗ, ಸಮಾಜ ಸೇವಕ. ಅವನೇ ಫಾಲ್ಕನ್. ಬ್ಲ್ಯಾಕ್ ಪ್ಯಾಂಥರ್ ಅವನಿಗಿಂತ ಮೂರು ವರ್ಷ ಮೊದಲೇ ಬಂದಿದ್ದ, ಆದರೆ ಆತ ಆಫ್ರಿಕಾದ ರಾಜ. ದೊಡ್ಡ ಕಂಪನಿಗಳ ಕಾಮಿಕ್ಸ್‌ನಲ್ಲಿ ಅಮೆರಿಕದ ಕೇರಿಯಿಂದಲೇ ಎದ್ದು ಬಂದ ಮೊದಲ ಕರಿಯ ಸೂಪರ್‌ಹೀರೋ ಅಂತ ಹೇಳೋದು ಫಾಲ್ಕನ್‌ಗೆ.

ಆರು ವರ್ಷ ಆತ ಹಂಗೇ ಇದ್ದ. 1975ರ 186ನೇ ಸಂಚಿಕೆಯಲ್ಲಿ ಒಮ್ಮೆಲೇ ಬರೆದರು: ಇವನು ಸಮಾಜ ಸೇವಕ ಅಲ್ಲವೇ ಅಲ್ಲ. ಇವನ ನಿಜ ಹೆಸರು ‘ಸ್ನ್ಯಾಪ್’ ವಿಲ್ಸನ್, ಗೂಂಡಾಗಳ ಜೊತೆ ಇದ್ದ ಕಳ್ಳ. ರೆಡ್ ಸ್ಕಲ್ ಅನ್ನೋ ನಾಜಿ ಖಳನಾಯಕ ಮಾಂತ್ರಿಕ ಶಕ್ತಿಯಿಂದ ಇವನ ಮನಸ್ಸು ಬದಲಿಸಿ ಒಳ್ಳೆಯವನನ್ನಾಗಿ ಮಾಡಿದ್ದ!

ನೋಡ್ರಿ ಹೆಂಗದ. ಕರಿಯ ಹುಡುಗ ತಾನಾಗಿ ಒಳ್ಳೆಯವನಾಗಿರಲು ಸಾಧ್ಯವೇ ಇಲ್ಲ ಅನ್ನೋ ಹಾಗೆ. ಅವನ ಒಳ್ಳೆತನವನ್ನೂ ಯಾರೋ ನಾಜಿ ಮಾಡಿಕೊಟ್ಟದ್ದು ಅಂತ.

ಹಿಂದೆ ಹೇಳಿದ ಕತೆಯನ್ನು ಹೀಗೆ ಮುಂದೊಂದು ದಿನ ಬದಲಿಸೋದಕ್ಕೆ ಕಾಮಿಕ್ಸ್ ಮಂದಿ ‘ರೆಟ್‌ಕಾನ್’ ಅಂತಾರೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಹಳೇ ಹೆಸರು ಅದ: ಹಿಂದಿನ ತಾರೀಖು ಹಾಕಿ ಟಿಪ್ಪಣಿ ಬರೆಯೋದು. ಗುಮಾಸ್ತರಿಗೆ ಕೇಳ್ರಿ, ಹೇಳ್ತಾರ. ಕಡತದಲ್ಲಿ ತಪ್ಪಾಗಿದ್ದರೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವ ಹಾಗೆ ಬಿಟ್ಟು, ಸರಿಯಾದ್ದು ಬರೆದು, ಸಹಿ ಮಾಡಿ ಇವತ್ತಿನ ತಾರೀಖು ಹಾಕಬೇಕು. ಅದು ತಿದ್ದುಪಡಿ. ಹಳೇ ಹಾಳೆ ಕಿತ್ತು ಹಾಕಿ, ಹೊಸ ಹಾಳೆಗೆ ಐದು ವರ್ಷದ ಹಿಂದಿನ ತಾರೀಖು ಹಾಕಿ, ‘ಮೊದಲಿನಿಂದಲೂ ಹೀಗೇ ಇತ್ತು’ ಅಂದರೆ ಅದು ಅಪರಾಧ. ಎರಡರಲ್ಲೂ ಕತೆ ಬದಲಾಗ್ತದ. ಆದರೆ ಎರಡೂ ಒಂದೇ ಅಲ್ಲ. ಇದನ್ನು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗ್ತದ.

2014ರಲ್ಲಿ ‘ದಿ ವಿಂಟರ್ ಸೋಲ್ಜರ್’ ಸಿನಿಮಾದಲ್ಲಿ ಫಾಲ್ಕನ್ ತೆರೆಗೆ ಬಂದ. ಅಷ್ಟೊತ್ತಿಗೆ ಅವನ ಕತೆ 45 ವರ್ಷದ ಗೋಜಲು. ಸಿನಿಮಾದವರು ‘ಸ್ನ್ಯಾಪ್’ನನ್ನು ಪೂರ್ತಿ ಬಿಟ್ಟರು. ಆಂಥನಿ ಮ್ಯಾಕಿ ಮಾಡಿದ ಸ್ಯಾಮ್, ಯುದ್ಧದಿಂದ ಮನಸ್ಸು ಒಡೆದು ಬಂದ ಸೈನಿಕರನ್ನು ಕೂರಿಸಿಕೊಂಡು ಸಮಾಧಾನ ಹೇಳುವ ಮಾಜಿ ಸೈನಿಕ. ಹೊಟ್ಟೆಪಾಡು ಬದಲಾಯ್ತು, ಊರು ಬದಲಾಯ್ತು, ರೆಕ್ಕೆಯ ಯಂತ್ರ ಬದಲಾಯ್ತು. ಆದರೆ 1969ರ ಹುಡುಗನ ಜೀವಾಳ, ಅಂದ್ರೆ ತಾನಾಗಿಯೇ ಮಂದಿಗೆ ಆಸರೆಯಾಗಿ ನಿಲ್ಲುವ ಗುಣ, ಅದು ಹಾಗೇ ಉಳೀತು. ಮುಂದೆ ಕಾಮಿಕ್ಸ್‌ನವರೇ ಆ ಗೂಂಡಾ ಚರಿತ್ರೆ ಸುಳ್ಳು ನೆನಪು ಅಂತ ಒಪ್ಪಿಕೊಂಡರು. 2025ರ ಫೆಬ್ರವರಿಯಲ್ಲಿ ಬಂದ ಸಿನಿಮಾದಲ್ಲಿ ಆತನೇ ಕ್ಯಾಪ್ಟನ್ ಅಮೆರಿಕ.

ಇನ್ನೊಂದು ಉದಾಹರಣೆ ಅವನ ಪಕ್ಕದಲ್ಲೇ ಅದ. ಕ್ಯಾಪ್ಟನ್ ಅಮೆರಿಕ ಮೊದಲು ಬಂದದ್ದು 1941ರಲ್ಲಿ. 62 ವರ್ಷ ಆದ ಮೇಲೆ, 2003ರಲ್ಲಿ ರಾಬರ್ಟ್ ಮೊರಾಲೆಸ್, ಕೈಲ್ ಬೇಕರ್ ಇಬ್ಬರೂ ಸೇರಿ ಏಳು ಸಂಚಿಕೆಯ ಒಂದು ಕತೆ ಮಾಡಿದರು. ಆ ಬಿಳಿಯ ವೀರನಿಗೆ ಕೊಟ್ಟ ಔಷಧವನ್ನು ಸರ್ಕಾರ ಕರಿಯ ಸೈನಿಕರ ಮೇಲೆ ಪ್ರಯೋಗ ಮಾಡಿತ್ತು. ಬಹಳ ಮಂದಿ ಸತ್ತರು. ಉಳಿದ ಐಸೇಯಾ ಬ್ರಾಡ್ಲಿಯನ್ನು ಜೈಲಿಗೆ ಹಾಕಿ ಮುಚ್ಚಿಟ್ಟರು ಅನ್ನೋದು ಕತೆ. ಇದೂ ತಡವಾಗಿ ಸೇರಿಸಿದ ಹಾಳೆಯೇ. ಆದರೆ ಇದು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ, 40 ವರ್ಷ, ಸಿಫಿಲಿಸ್ ಆದ ಕರಿಯ ಬಡವರಿಗೆ ಔಷಧ ಕೊಡದೆ, ರೋಗ ಹೆಂಗ ಬೆಳೀತದ ಅಂತ ಸರ್ಕಾರ ನೋಡ್ತಾ ಕೂತಿತ್ತು. 2021ರ ಧಾರಾವಾಹಿಯಲ್ಲಿ ಐಸೇಯಾನನ್ನು ತೆರೆಗೆ ತಂದರು.

ಸ್ನ್ಯಾಪ್ ಕತೆ ಮೊದಲಿನ ಹಾಳೆಯನ್ನು ಅಳಿಸಿತು. ಐಸೇಯಾ ಕತೆ ಮೊದಲಿನ ಹಾಳೆಯಲ್ಲಿ ಖಾಲಿ ಬಿಟ್ಟ ಜಾಗ ತುಂಬಿಸಿತು. ಎರಡೂ ತಡವಾಗಿ ಬಂದವು. ಹಾಗಾಗಿ ‘ಮೂಲದಲ್ಲಿ ಇತ್ತೋ ಇಲ್ಲವೋ’ ಅನ್ನೋದೊಂದೇ ಅಳತೆಗೋಲು ಸಾಲದು.

ಅಮೆರಿಕ ದೂರ ಆಯ್ತು ಅಂತೀರೇನು? ನಮ್ಮ ಪಕ್ಕದ ಕೇರಳಕ್ಕೆ ಬರ್ರಿ. 2025ರ ಆಗಸ್ಟ್‌ನಲ್ಲಿ ಬಂದ ಡೊಮಿನಿಕ್ ಅರುಣ್ ನಿರ್ದೇಶನದ ‘ಲೋಕಃ’ ಸಿನಿಮಾ ನಿಮ್ಮಲ್ಲಿ ಬಹಳ ಮಂದಿ ನೋಡೀರಿ. ಅದರ ನಾಯಕಿ ಕಳ್ಳಿಯಂಕಾಟ್ಟು ನೀಲಿ. ಮಲಯಾಳಿಗಳ ಬಾಯಲ್ಲಿ ನೀಲಿ ಅಂದ್ರೆ ರಾತ್ರಿ ಗಂಡಸರ ರಕ್ತ ಹೀರುವ ಯಕ್ಷಿ. ಆಕೆಗೆ ಒಂದಲ್ಲ, ಹಲವು ಹುಟ್ಟಿನ ಕತೆ. ಸಿನಿಮಾದವರು ಮಾಡಿದ್ದೇನು? ದೇವಸ್ಥಾನದೊಳಗೆ ಬಿಡದ ಕಾಡಿನ ಮಂದಿಯ ಕೂಸನ್ನಾಗಿ ಮಾಡಿದರು. ರಾಜನ ಮಂದಿ ಆ ಕೂಸಿನ ಜನರ ಮೇಲೆ ಬೀಳ್ತಾರೆ, ಅಲ್ಲಿಂದ ನೀಲಿ ಹುಟ್ಟತಾಳೆ. ಹೆದರಿಸಲಿಕ್ಕೆ ಇಟ್ಟುಕೊಂಡ ಹೆಣ್ಣಿನ ಕಡೆಯಿಂದ ಕತೆ ಹೇಳಿದರು. ಕತೆ ನಡೆಯೋದು ನಮ್ಮ ಬೆಂಗಳೂರಿನಲ್ಲೇ. ಆದರೆ ನಮ್ಮಲ್ಲಿ ಗದ್ದಲ ಎದ್ದದ್ದು ಬೆಂಗಳೂರಿನ ಹುಡುಗಿಯರ ಬಗ್ಗೆ ಅದರೊಳಗಿನ ಒಂದು ಡೈಲಾಗಿಗೆ. ಅವರು ಕ್ಷಮೆ ಕೇಳಿದರು, ಸರಿ, ಕೇಳಬೇಕಾದ್ದೇ. ಆದರೆ ಆ ದೇವಸ್ಥಾನದ ಬಾಗಿಲ ಬಗ್ಗೆ ಅಷ್ಟು ಜೋರಾಗಿ ಯಾರಾದರೂ ಮಾತಾಡಿದ್ದು ನನ್ನ ಕಿವಿಗಂತೂ ಬೀಳಲಿಲ್ಲ.

ಈಗ ನಮ್ಮ ಹರಳಯ್ಯನ ಕಡತ ತೆಗೆಯೋಣ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಅಲ್ಲಿ ಹರಳಯ್ಯನ ಗವಿ ಅದ. ಹೋದವರಿಗೆಲ್ಲ ಮೊದಲು ಕೇಳಿಸೋದು ಚಪ್ಪಲಿ ಕತೆ. ಹರಳಯ್ಯ ‘ಶರಣು’ ಅಂದ, ಬಸವಣ್ಣ ‘ಶರಣು ಶರಣಾರ್ಥಿ’ ಅಂದ. ತನಗಿಂತ ಒಂದು ಶರಣು ಹೆಚ್ಚಿಗೆ ಹೇಳಿದ್ದು ಹೊರೆ ಆಯ್ತು ಅಂತ ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದರು. ಬಸವಣ್ಣ ಮೆಟ್ಟಲಿಲ್ಲ, ತಲೆ ಮೇಲೆ ಇಟ್ಟುಕೊಂಡ. ಬ್ರಾಹ್ಮಣ ಮಂತ್ರಿ ಮಧುವರಸ ಮೆಟ್ಟಿದ, ಮೈಯೆಲ್ಲ ಉರಿ ಹತ್ತಿತು, ಹರಳಯ್ಯನ ಮನೆ ನೀರಿನಿಂದಲೇ ವಾಸಿಯಾಯ್ತು. ಆಮೇಲೆ ಆ ಮಧುವರಸನ ಮಗಳಿಗೂ ಹರಳಯ್ಯನ ಮಗ ಶೀಲವಂತನಿಗೂ ಮದುವೆ. ಹುಡುಗಿಯ ಹೆಸರು ಒಂದು ಕಡೆ ಲಾವಣ್ಯ, ಇನ್ನೊಂದು ಕಡೆ ಕಲಾವತಿ. ಬಿಜ್ಜಳ ಕೆರಳಿದ. ಕಣ್ಣು ಕೀಳಿಸಿದ, ಎಳೆಹೂಟೆ ಮಾಡಿಸಿದ. ಕಲ್ಯಾಣ ಹೊತ್ತಿ ಉರೀತು.

ಗುತ್ತಿಗೆದಾರರು ಹೇಳಿದ ‘ಮೂಲದಲ್ಲಿ ಇಲ್ಲ’ ಅನ್ನೋ ಮಾತು ಸುಳ್ಳಲ್ಲ, ಅದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 13ನೇ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳ ಇಬ್ಬರು ಶರಣರ ಕಣ್ಣು ಕೀಳಿಸಿದ ಅಂತ ಅದ, ಮದುವೆ ಪ್ರಸಂಗ ಇಲ್ಲ. ಹೆಸರಿನ ರೂಪವೂ ಸ್ವಲ್ಪ ಬೇರೆ. ಮದುವೆ ಬರೋದು ನಂತರದವರು ಹೇಳಿದ ಕತೆಗಳಲ್ಲಿ. ನಮ್ಮ ಕಾಲದಲ್ಲಿ ಲಂಕೇಶರು 1971ರ ‘ಸಂಕ್ರಾಂತಿ’ಯಲ್ಲಿ ಹೆಸರುಗಳನ್ನೇ ಬದಲಿಸಿ ಹೊಲೆಯರ ಹುಡುಗ, ಬ್ರಾಹ್ಮಣರ ಹುಡುಗಿ ಅಂತ ಬರೆದರು. ಕಾರ್ನಾಡರು 1990ರ ‘ತಲೆದಂಡ’ದಲ್ಲಿ ಆ ಮದುವೆಯನ್ನೇ ನಾಟಕದ ನಡುವೆ ಇಟ್ಟರು.

ಹಂಗಾದ್ರೆ ಹಳೇ ಹಾಳೆಯಲ್ಲಿ ಇಲ್ಲ ಅಂತ ಮದುವೆ ಕಿತ್ತು ಹಾಕೋಣೇನು?

ನಾನು ಗುಮಾಸ್ತ. ಕಡತದಲ್ಲಿ ‘ಕಣ್ಣು ಕೀಳಿಸಲಾಯಿತು’ ಅಂತ ಆದೇಶ ಇದ್ದು, ಕಾರಣದ ಕಾಲಂ ಖಾಲಿ ಇದ್ದರೆ ನನಗೆ ನಿದ್ದಿ ಬರಂಗಿಲ್ಲ. ಇಬ್ಬರಿಗೆ ಒಟ್ಟಿಗೇ ಒಂದೇ ಶಿಕ್ಷೆ. ಯಾಕೆ? ಇಬ್ಬರೂ ಸೇರಿ ಏನೋ ಮಾಡಿದ್ದಾರೆ. ರಾಜ ಸಹಿಸಲಾಗದಂಥದ್ದೇನೋ ಮಾಡಿದ್ದಾರೆ. ಹಳೇ ಹಾಳೆ ಆ ಕಾಲಂ ತುಂಬಿಸಲಿಲ್ಲ. ಜನ ತುಂಬಿಸಿದರು. ಅದು ಇತಿಹಾಸವೋ ಅಲ್ಲವೋ ಅಂತ ವಿದ್ವಾಂಸರು ವಾದ ಮಾಡಲಿ. ಸಮಗಾರ, ಬ್ರಾಹ್ಮಣ ಒಟ್ಟಿಗೆ ಶಿಕ್ಷೆ ಅನುಭವಿಸಿದರೆ ಅದಕ್ಕೆ ಕಾರಣ ಬೀಗತನವೇ ಇರಬೇಕು ಅಂತ ಈ ನಾಡಿನ ಮಂದಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾವುದಕ್ಕೆ ತಲೆ ಹೋಗ್ತದ ಅನ್ನೋದು ಅವರಿಗೆ ಗೊತ್ತಿತ್ತು. ಈಗಲೂ ಗೊತ್ತದ.

ಅದಕ್ಕೇ ಹೇಳೋದು, ಮದುವೆ ಅನ್ನೋದು ಐಸೇಯಾ ಹಾಳೆ. ಹಿಂದಿನ ಜನ್ಮದ ಶಾಪ ಅನ್ನೋದು ಸ್ನ್ಯಾಪ್ ಹಾಳೆ. ಶಿವಗಣ ಅಂದ ಕೂಡಲೇ ಏನಾಗ್ತದ ನೋಡ್ರಿ: ಹರಳಯ್ಯನ ದೊಡ್ಡತನ ಅವನದ್ದಲ್ಲ, ಮೇಲಿನಿಂದ ಬಂದದ್ದು. ಸಮಗಾರನಾಗಿ ಹುಟ್ಟಿದ್ದು ಶಿಕ್ಷೆ. ಕರ್ಣನಿಗೂ ಹಿಂಗೇ ಅಲ್ಲವೇ? ಸೂತರ ಮನೆಯಲ್ಲಿ ಬೆಳೆದ ಹುಡುಗ ಅಷ್ಟು ದೊಡ್ಡ ಬಿಲ್ಲುಗಾರ ಆಗಬೇಕಾದರೆ ಅವನ ರಕ್ತದಲ್ಲಿ ಕ್ಷತ್ರಿಯ ಇರಲೇಬೇಕಂತೆ. ನಮ್ಮ ನಾಯಕರಿಗೆಲ್ಲ ಹಿಂದಿನ ತಾರೀಖು ಹಾಕಿ ಮೇಲ್ಜಾತಿ ಪ್ರಮಾಣಪತ್ರ ಕೊಡೋದು ಈ ದೇಶದ ಹಳೇ ಕಚೇರಿ ಕೆಲಸ.

ಚಪ್ಪಲಿ ಕತೆಗೂ ಒಂದು ಮಾತು. ನಮ್ಮಪ್ಪ ಸೂಪರ್ ಮಾರ್ಕೆಟ್ ಕಡೆ ರಸ್ತೆ ಬದಿ ಕೂತು ಚಪ್ಪಲಿ ಹೊಲಿದೇ ನನ್ನನ್ನು ಓದಿಸಿದ. ನಾನು ಸಣ್ಣವನಿದ್ದಾಗ ಯಾರೋ ಪ್ರವಚನದಲ್ಲಿ ಈ ಕತೆ ಹೇಳಿದ್ದು ಕೇಳಿ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕೈಯಲ್ಲಿನ ಆರಿ ಕೆಳಗಿಟ್ಟು ಕೇಳಿದ:

“ಹಸಿ ಚರ್ಮ ಹದಕ್ಕ ಬರಬೇಕಾದ್ರ ಎಷ್ಟ್ ದಿನ ಹಿಡೀತದ ಗೊತ್ತದೇನು ನಿನಗ? ತೊಡಿ ಸುಲಕೊಂಡ ಗಂಡ ಹೆಂಡ್ತಿ ಅಷ್ಟೂ ದಿನ ಕುಂತು ತಮ್ಮ ಚರ್ಮ ತಾವೇ ಹದ ಮಾಡ್ಯಾರ. ಆ ದಿನಗಳ ಕತಿ ಹೇಳಿದನೇನು ನಿಮ್ಮ ಸ್ವಾಮಿ?”

ಹೇಳಿರಲಿಲ್ಲ. ಯಾರೂ ಹೇಳಂಗಿಲ್ಲ. ಪವಾಡ ಅಂದ್ರೆ ದುಡಿಮೆ ಕಾಣದ ಹಾಗೆ ಮಾಡೋದು. ತೊಡೆಯಿಂದ ನೇರ ಬಸವಣ್ಣನ ತಲೆ ಮೇಲೆ. ನಡುವಿನ ಸುಣ್ಣ, ನೀರು, ನಾತ, ನೋವು ಎಲ್ಲ ಮಾಯ. ನಮ್ಮ ಹುಡುಗನ ಸಿನಿಮಾದಲ್ಲಿ ಚಪ್ಪಲಿ ಇರಲಿ, ಬೇಡ ಅನ್ನಂಗಿಲ್ಲ. ಆದರೆ ಆ ದಿನಗಳು ಇರಬೇಕು, ಮತ್ತು ಕತೆ ಅಲ್ಲಿಗೆ ಮುಗಿಯಬಾರದು. ಚಪ್ಪಲಿಗೆ ಮುಗಿದರೆ ಹರಳಯ್ಯ ದೊಡ್ಡವರಿಗೆ ಋಣ ತೀರಿಸಿದ ಭಕ್ತ. ಮದುವೆಗೆ ಮುಗಿದರೆ ರಾಜನ ಮುಂದೆ ಸಮನಾಗಿ ನಿಂತ ಬೀಗ. ಯಾವ ಹರಳಯ್ಯನನ್ನು ನಮ್ಮ ಮಕ್ಕಳಿಗೆ ಕೊಡ್ತೀವಿ ಅನ್ನೋದೇ ಪ್ರಶ್ನೆ.

ಕೆಲವು ಗೆಳೆಯರು ಕೇಳಿದರು: “ಅಣ್ಣಾ, ಬಾಬಾಸಾಹೇಬ್ರು ಇರುವಾಗ ಈ ಶರಣರ ಪುರಾಣ ಯಾಕ?” ನ್ಯಾಯವಾದ ಪ್ರಶ್ನೆ. ಉತ್ತರವೂ ಬಾಬಾಸಾಹೇಬರ ಹತ್ತಿರಾನೇ ಅದ. 1936ರ ‘ಜಾತಿ ವಿನಾಶ’ದಲ್ಲಿ ಅವರು ಜಾತಿ ಒಡೆಯಲು ಸಹಭೋಜನ ಸಾಲದು, ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂತ ವಾದ ಮಾಡಿದರು. ಅದು ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕಾಗಿ ಬರೆದ ಭಾಷಣ. ಸಂಘಟಕರು ಕೆಲವು ಭಾಗ ತೆಗೀರಿ ಅಂದರು. ಅವರು ಒಂದು ಕಾಮಾ ಸಹ ಬದಲಿಸಲು ಒಪ್ಪಲಿಲ್ಲ. ಭಾಷಣ ರದ್ದಾಯ್ತು, ತಮ್ಮ ಖರ್ಚಿನಲ್ಲೇ ಪುಸ್ತಕ ಮಾಡಿದರು. ಆ ಪುಸ್ತಕ ಓದಿದವರು ನಾವು. ಈಗ ಮದುವೆ ಸೀನ್ ತೆಗೀರಿ ಅಂದ್ರೆ ‘ಆಯ್ತ್ರಿ ಸಾಹೇಬ್ರ’ ಅಂತ ತೆಗೆಯೋದೇನು?

ಇನ್ನು ಕಾಮಿಕ್ಸ್, ಸಿನಿಮಾ ಎಲ್ಲ ಮಕ್ಕಳಾಟ ಅನ್ನೋರಿಗೆ 2020 ನೆನಪು ಮಾಡ್ತೀನಿ. ಕೊರೊನಾ ಕಾಲದಲ್ಲಿ ‘ಮಹಾನಾಯಕ’ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂತು. ಹಳ್ಳಿ ಹಳ್ಳಿಯಲ್ಲಿ ನಮ್ಮ ಮಂದಿ ಬ್ಯಾನರ್ ಕಟ್ಟಿದರು. ಒಂದು ಪುಸ್ತಕ ಓದದ ನಮ್ಮವ್ವಂದಿರು ಭೀಮರಾಯನ ಶಾಲೆಯ ನೀರಿನ ಕತೆ ಕಂಡು ಅತ್ತರು. ಭಾಷಣದಿಂದ ಆಗದ್ದು ತೆರೆಯಿಂದ ಆಯ್ತು. ನಮ್ಮ ನಾಡಿನ ದೊಡ್ಡ ಕಂಪನಿ ಹೊಂಬಾಳೆಯವರು 2025ರಲ್ಲಿ ವಿಷ್ಣುವಿನ ಅವತಾರಗಳ ಮೇಲೆ 2037ರವರೆಗೆ ಏಳು ಆನಿಮೇಷನ್ ಸಿನಿಮಾ ಅಂತ ಘೋಷಿಸಿದರು. ಮಾಡಲಿ, ಅವರ ರೊಕ್ಕ, ಅವರ ದೇವರು. ನಮ್ಮ ಮಕ್ಕಳ ಕಣ್ಣಿಗೆ ನಮ್ಮವರೂ ಬೀಳಬೇಕಾದರೆ ನಾವೇ ಬರೀಬೇಕು, ನಾವೇ ತೆಗೀಬೇಕು.

‘ಇಪ್ಪತ್ತು ನಿಮಿಷದಾಗ ಇಷ್ಟೆಲ್ಲ ಗೋಜಲು ಹೆಂಗ ಹಿಡಿಸ್ತೀರಿ?’ ಅನ್ನೋದೂ ಸರಿಯಾದ ಮಾತು. ಎಲ್ಲ ಹಿಡಿಸೋದು ಬೇಡ. ಬಿಡೋದು ಕಲೆಯ ಹಕ್ಕು. ಆದರೆ ಬಿಟ್ಟದ್ದನ್ನು ಬಿಟ್ಟೆವು ಅಂತ ಒಪ್ಪಿಕೊಳ್ಳೋದು ಕರ್ತವ್ಯ. 2011ರಲ್ಲಿ ಬಂದ ‘ಭೀಮಾಯಣ’ ಚಿತ್ರಕತೆ ನೋಡ್ರಿ. ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಬಾಬಾಸಾಹೇಬರ ಕತೆಯನ್ನು ಕಾಮಿಕ್ಸಿನ ಚೌಕಟ್ಟಿನ ಡಬ್ಬಿಗಳಲ್ಲಿ ತುಂಬಲು ಒಪ್ಪದೆ ತಮ್ಮ ಪದ್ಧತಿಯಲ್ಲೇ ಹರಡಿ ಬರೆದರು. ನಮ್ಮ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಶಾಪದ ಸೀನ್ ಬೇಡ. ಚಪ್ಪಲಿಗಿಂತ ಮದುವೆಗೆ ಹೆಚ್ಚು ನಿಮಿಷ. ಕಲ್ಯಾಣಮ್ಮನಿಗೆ ಮಾತು. ಲಾವಣ್ಯ, ಕಲಾವತಿ ಎರಡು ಹೆಸರಿನಲ್ಲಿ ಒಂದನ್ನು ಮುಚ್ಚಬೇಡ. ಕತೆ ಹೇಳುವ ಅಜ್ಜಿ ಒಬ್ಬಳನ್ನು ಇಡು, ಆಕೆ ‘ನಮ್ಮ ಕಡಿ ಹಿಂಗ ಅಂತೀವಿ, ಆ ಕಡಿಯವ್ರು ಹಂಗ ಅಂತಾರ’ ಅನ್ನಲಿ. ಕೊನೆಗೆ ತೆರೆ ಮೇಲೆ ‘ಹಳೇ ಪುರಾಣದಲ್ಲಿ ಈ ಮದುವೆ ಇಲ್ಲ, ಇದು ಜನ ಹೇಳಿದ್ದು’ ಅಂತ ಎರಡು ಸಾಲು ಬರಲಿ. ನಮಗೆ ಅದರಿಂದ ನಾಚಿಕೆ ಇಲ್ಲ. ಗೆರೆ ಎಳೆದು, ಸಹಿ ಮಾಡಿ, ಇವತ್ತಿನ ತಾರೀಖು ಹಾಕಿದ ತಿದ್ದುಪಡಿ ಅದು.

ಗುತ್ತಿಗೆದಾರರಿಗೆ ನಿನ್ನೆ ಫೋನ್ ಮಾಡಿ ಇದನ್ನೇ ಹೇಳಿದೆ. “ವಿಚಾರ ಮಾಡಿ ಹೇಳ್ತೀನ್ರಿ” ಅಂದರು. ಅದರ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು. ರೊಕ್ಕ ಬರದಿದ್ದರೆ ಸಿನಿಮಾ ನಿಲ್ಲಬಹುದು, ಕಾಮಿಕ್ ಪುಸ್ತಕ ನಿಲ್ಲಂಗಿಲ್ಲ. ಜೆರಾಕ್ಸ್ ಮಾಡಿಯಾದರೂ ಏಪ್ರಿಲ್ 14ಕ್ಕೆ ಹಂಚತೀವಿ.

ಈಗ ನಿಮ್ಮ ಕೆಲಸ. ನಿಮ್ಮ ಕೇರಿಯಲ್ಲಿ, ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಹರಳಯ್ಯನ ಕತೆ ಕೇಳ್ರಿ. ತಿದ್ದಬೇಡ್ರಿ, ‘ಹಂಗಲ್ಲವ್ವ, ಹಿಂಗ’ ಅನ್ನಬೇಡ್ರಿ. ಮೊಬೈಲಿನಲ್ಲಿ ಹಿಡೀರಿ. ಯಾವ ಊರು, ಯಾವ ತಾರೀಖು ಬರೀರಿ. ಅವರು ಒಪ್ಪಿದರೆ ಹೆಸರೂ ಬರೀರಿ. ನನಗೆ ಕಳಸ್ರಿ. ಹತ್ತು ಮಂದಿ ಹತ್ತು ಥರ ಹೇಳಿದರೆ ಹತ್ತೂ ಇಡ್ತೀವಿ. ನಮ್ಮಪ್ಪ ಹೇಳಿದ್ದನ್ನು ನಾನು ಆಗ ಬರೆದಿಟ್ಟುಕೊಳ್ಳಲಿಲ್ಲ. ಈಗ ಇನ್ನೊಮ್ಮೆ ಕೇಳೋಣ ಅಂದ್ರೆ ಅಪ್ಪ ಇಲ್ಲ.

ಜೈಭೀಮ್. ಶರಣು ಶರಣಾರ್ಥಿ.